ಅಂಗೈಯ ಮೇಲೆ ದಾಗಡಿ ರಸ

ಅಮೃತೂರು
6 ಫೆಬ್ರವರಿ 2025

ಬೀಗಿತ್ತಿಯವರಾದ ಸರ್ವಮಂಗಳಮ್ಮನವರಿಗೆ ಮಂಜುಳಮ್ಮನ ಶರಣು.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಇವಳು ಎಂದು ನಗಬೇಡಿ. ಫೋನ್ ಮಾಡಿ ನೋಡಿದೆ, ನೀವು ಎತ್ತಲಿಲ್ಲ. ಅಳಿಯಂದಿರು ಎತ್ತಿದರು. ನಾನು ಮಾತಾಡಿದ್ದನ್ನೆಲ್ಲ ರೆಕಾರ್ಡ್ ಮಾಡಿಟ್ಟು ನಿಮ್ಮ ಜಗಲಿಯಲ್ಲಿ ಕೂತವರಿಗೆಲ್ಲ ಕೇಳಿಸಿದರಂತೆ. ಗುಬ್ಬಿಗೆ ಬಂದಿದ್ದ ನಮ್ಮೂರಿನವರೇ ಕೇಳಿಸಿಕೊಂಡು ಬಂದು ಹೇಳಿದರು. ಕಾಗದವಾದರೆ ನೀವೊಬ್ಬರೇ ಓದುತ್ತೀರಿ ಎಂಬ ನಂಬಿಕೆ.

ನಂದಿತಾ ಭಾನುವಾರ ಒಂದು ಬ್ಯಾಗ್ ಹಿಡಿದುಕೊಂಡು ಕುಣಿಗಲ್ ಬಸ್ಸಿನಿಂದ ಇಳಿದಳು. "ಏನೇ ಒಬ್ಳೇ ಬಂದೆ, ಉದಯ ಎಲ್ಲಿ" ಎಂದೆ. "ಅವ್ರಿಗೆ ಕೆಲ್ಸ ಇದೆ" ಎಂದಳು. ಅದಾದ ಮೇಲೆ ಆ ವಿಷಯಕ್ಕೆ ಬಾಯಿ ಬಿಟ್ಟಿಲ್ಲ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಒಳ್ಳೆಯ ಮನೆ, ಒಳ್ಳೆಯ ಜನ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಇನ್ನೊಂದು ವಿಚಿತ್ರ. ಅಡುಗೆಮನೆ ಹೊಸಿಲು ದಾಟುತ್ತಿಲ್ಲ. ಅವರಪ್ಪ ಒಂದು ಲೋಟ ನೀರು ಕೇಳಿದರೆ "ನೀವೇ ತಗೊಳ್ಳಿ ಅಪ್ಪ" ಎಂದಳು. ಸಣ್ಣವಳಿದ್ದಾಗಿನಿಂದ ನಾಲ್ಕು ಜನಕ್ಕೆ ಬಡಿಸದೆ ತಾನು ಉಂಡವಳಲ್ಲ ಇವಳು.

ನಿಮ್ಮ ಮನೆಯಲ್ಲಿ ಏನಾಯಿತು, ಬಿಡಿಸಿ ಬರೆಯಿರಿ. ತಪ್ಪು ಅವಳದಾಗಿದ್ದರೆ ಕಿವಿ ಹಿಂಡಿ ನಾನೇ ಕರೆತಂದು ಬಿಡುತ್ತೇನೆ.

ಮಂಜುಳಮ್ಮ


ಗುಬ್ಬಿ
13 ಫೆಬ್ರವರಿ 2025

ಸೌಭಾಗ್ಯವತಿ ಮಂಜುಳಮ್ಮನವರಿಗೆ ಸರ್ವಮಂಗಳ ಮಾಡುವ ಶರಣಾರ್ಥಿ.

ಕಾಗದ ತಲುಪಿತು. ದೇವರ ದಯೆಯಿಂದ ಇಲ್ಲಿ ಎಲ್ಲ ಸುಖ. ಉದಯನಿಗೆ ಸ್ವಲ್ಪ ಮೈಗೆ ಹುಷಾರಿಲ್ಲ, ಅಂಥದ್ದೇನಿಲ್ಲ. ಕೊಬ್ಬರಿ ವ್ಯಾಪಾರವೆಂದರೆ ನಿಮಗೆ ಗೊತ್ತೇ ಇದೆ. ತಿಪಟೂರು, ತುಮಕೂರು ಎಂದು ದಿನವಿಡೀ ಗಾಡಿಯಲ್ಲಿ ತಿರುಗಾಟ, ಹೊತ್ತಿಗೆ ಸರಿಯಾಗಿ ಊಟವಿಲ್ಲ. ನಮ್ಮ ಯಜಮಾನರು ನಿಮ್ಮ ಯಜಮಾನರ ಕಾಲುನೋವು ಹೇಗಿದೆ ಎಂದು ಕೇಳಿದರು.

ನಂದಿತಾ ನಾಲ್ಕು ದಿನ ತವರಿನಲ್ಲಿ ಇರಲಿ. ಇಲ್ಲಿ ಯಾರೂ ಅವಳನ್ನು ಹೋಗು ಎನ್ನಲಿಲ್ಲ.

ಕೇಳಬೇಕು ಎಂದು ಕೇಳುತ್ತಿಲ್ಲ, ಸುಮ್ಮನೆ ನೆನಪಾಯಿತು. ಸಂಕ್ರಾಂತಿಗೆ ಬಂದಿದ್ದವಳ ಕೈಗೆ ನೀವು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಸೊಪ್ಪು ಕೊಟ್ಟು ಕಳಿಸಿದ್ದಿರಲ್ಲ, ಅದು ಯಾವ ಸೊಪ್ಪು? ನಾನು ಕೇಳಿದರೆ "ಉಷ್ಣಕ್ಕೆ ಅತ್ತೆ" ಎಂದಳೇ ಹೊರತು ಹೆಸರು ಹೇಳಲಿಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆ ಬಾಗಿಲು ಒರಗಿಸಿಕೊಂಡು ಹಿಂಡುತ್ತಿದ್ದಳು. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಮುಚ್ಚಳ ತೆಗೆದು ನೋಡಿದೆ. ಆಗಷ್ಟೇ ನೀರಾಗಿದ್ದದ್ದು ಹಸಿರಗೆ ಗಟ್ಟಿಯಾಗಿ ಅಲುಗಾಡುತ್ತ ಕೂತಿತ್ತು. ಒಲೆಯ ಮೇಲೆ ಇಟ್ಟಿರಲಿಲ್ಲ, ಹೆಪ್ಪು ಹಾಕಿರಲಿಲ್ಲ. ಅದು ಹೇಗೆ ಗಟ್ಟಿಯಾಯಿತು? ಅದನ್ನು ಉದಯನಿಗೆ ಮಾತ್ರ ಕೊಡುತ್ತಿದ್ದಳು, ನಮಗ್ಯಾರಿಗೂ ಇಲ್ಲ.

ನಮ್ಮ ಮನೆತನದಲ್ಲಿ ಇಂಥದ್ದನ್ನು ನೋಡಿದವರಿಲ್ಲ. ಅದಕ್ಕೇ ಕೇಳಿದೆ ಅಷ್ಟೇ.

ಸರ್ವಮಂಗಳ


ಅಮೃತೂರು
17 ಫೆಬ್ರವರಿ 2025

ಸರ್ವಮಂಗಳಮ್ಮನವರಿಗೆ,

ಸೊಪ್ಪಿನ ಹೆಸರು ದಾಗಡಿ. ಬೇಲಿಯ ಮೇಲೆ ಹಬ್ಬುವ ಬಳ್ಳಿ. ಎಲೆ ಚಿಕ್ಕದು, ಮುಟ್ಟಿದರೆ ಮೆತ್ತಗೆ ರೋಮವಿರುತ್ತದೆ. ನೀರಿನಲ್ಲಿ ಚೆನ್ನಾಗಿ ಕಿವುಚಿ, ಸೋಸಿ, ಚೂರು ಸಕ್ಕರೆ, ಜೀರಿಗೆ ಪುಡಿ ಹಾಕಿಟ್ಟರೆ ತಾನಾಗಿಯೇ ಗಟ್ಟಿಯಾಗುತ್ತದೆ. ಮೈ ಕಾದಾಗ, ಉರಿಮೂತ್ರ ಬಂದಾಗ ನಮ್ಮ ಕಡೆ ತಿನ್ನುತ್ತಾರೆ. ಗಾಡಿಯ ಇಂಜಿನ್ ಮೇಲೆ ಕೂತು ಅಳಿಯಂದಿರಿಗೆ ಉಷ್ಣವಾಗಿದೆ ಎಂದು ನಂದಿತಾ ಹೇಳಿದ್ದಕ್ಕೆ ನಾನೇ ಕಿತ್ತು ಕೊಟ್ಟಿದ್ದು.

ಹೆಸರು ಹೇಳಬೇಡ ಎಂದವಳೂ ನಾನೇ. ನಮ್ಮತ್ತೆ ಇದ್ದಾಗಿನಿಂದ ನಮ್ಮ ಮನೆಯ ಪದ್ಧತಿ ಅದು. ಸೊಪ್ಪಿನ ಹೆಸರು ಹೇಳಿ ಕೊಟ್ಟರೆ ಔಷಧಿ ಹತ್ತುವುದಿಲ್ಲ ಎನ್ನುತ್ತಿದ್ದರು. ಕೀಳುವಾಗ ಮಾತಾಡಬಾರದು, ಅರೆಯುವಾಗ ಯಾರ ಕಣ್ಣೂ ಬೀಳಬಾರದು. ಅದಕ್ಕೇ ಬಾಗಿಲು ಒರಗಿಸಿಕೊಂಡಿದ್ದಾಳೆ ಪಾಪದ ಹುಡುಗಿ. ನೀವು ಆವತ್ತೇ ನನಗೊಂದು ಮಾತು ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಈಗ ಪದ್ಧತಿ ಮುರಿದು ಹೆಸರು ಬರೆದಿದ್ದೇನೆ, ಹತ್ತದಿದ್ದರೆ ಹತ್ತದೇ ಹೋಗಲಿ.

ನಾನು ಸುತ್ತಿ ಬಳಸಿ ಬರೆಯುವವಳಲ್ಲ. "ಸುಮ್ಮನೆ ನೆನಪಾಯಿತು" ಎಂದು ಅರ್ಧ ಪುಟ ಬರೆದಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಏನೋ ಇದೆ. ನನ್ನ ಮಗಳ ಮೇಲೆ ನಿಮಗೇನು ಅನುಮಾನ? ಉದಯನಿಗೆ ಏನಾಗಿದೆ? ನಂದಿತಾ ಸಂಸಾರದ ಪ್ರಶ್ನೆ ಇದು. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಇಬ್ಬರ ಮನೆಯೂ ಹಾಳಾಗುತ್ತದೆ.

ಮಂಜುಳಮ್ಮ


ಗುಬ್ಬಿ
24 ಫೆಬ್ರವರಿ 2025

ಮಂಜುಳಮ್ಮನವರಿಗೆ,

ನೀವೇ ಬಾಯಿ ಬಿಡಿಸಿದ್ದೀರಿ. ಆಮೇಲೆ ನನ್ನನ್ನು ಅನ್ನಬೇಡಿ.

ಉದಯ ದೀಪಾವಳಿಯಿಂದ ಕರಗುತ್ತಾ ಬಂದ. ಎರಡು ತುತ್ತು ತಿಂದರೆ ಹೊಟ್ಟೆ ಹಿಡಿದುಕೊಂಡು ಬಗ್ಗುತ್ತಾನೆ. ಶರ್ಟುಗಳೆಲ್ಲ ಹೆಗಲಿನಿಂದ ಜೋತು ಬೀಳುತ್ತಿವೆ. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ನುಂಗಿ ಸಾಕಾಯಿತು. ಆಗ ನಮ್ಮ ಓರಗಿತ್ತಿ ಕೋಮಲಾ "ಇದು ಕಾಯಿಲೆ ಅಲ್ಲ ಕಣಕ್ಕ, ಯಾರೋ ಊಟದಲ್ಲಿ ಮದ್ದು ಹಾಕವ್ರೆ" ಎಂದಳು. ಮದ್ದು ತೆಗೆಯುವ ಅಣ್ಣಯ್ಯಪ್ಪ ಎಂಬುವರು ನಿಮ್ಮ ಕುಣಿಗಲ್ ಕಡೆಯವರೇ. ಜನವರಿಯ ಕೊನೆಯ ಭಾನುವಾರ ಬರಿಹೊಟ್ಟೆಯಲ್ಲಿ ಕರೆದುಕೊಂಡು ಹೋದೆವು.

ಅವರು ಉದಯನ ಅಂಗೈ ಚಾಚಿಸಿ ಒಂದು ಹಸಿರು ರಸ ಬಿಟ್ಟರು. "ಮದ್ದು ಹೊಟ್ಟೇಲಿದ್ರೆ ಕೈಲಿ ಗಟ್ಟಿ ಆಗ್ತದೆ, ಇಲ್ದಿದ್ರೆ ಹರಿದೋಗ್ತದೆ" ಎಂದರು. ನಾವೆಲ್ಲ ಕಣ್ಣು ಮಿಟುಕಿಸದೆ ನೋಡುತ್ತ ಕೂತೆವು. ಗಟ್ಟಿಯಾಯಿತು ಮಂಜುಳಮ್ಮ. ಕೈ ತಿರುಗಿಸಿದರೂ ಬೀಳಲಿಲ್ಲ. ಆಮೇಲೆ ಅದೇ ಬಣ್ಣದ್ದನ್ನು ಒಂದು ಚೊಂಬು ಕುಡಿಸಿ, ಜಗಲಿಯ ಮೇಲೆ ಕೂರಿಸಿ, ಸ್ವಲ್ಪ ಹೊತ್ತಿಗೆ ಇನ್ನೇನೋ ಕುಡಿಸಿ ವಾಂತಿ ಮಾಡಿಸಿದರು. ಗಂಟು ಗಂಟಾಗಿ ಹೊರಗೆ ಬಿತ್ತು. "ನೋಡ್ರಮ್ಮ ಮದ್ದು, ಹೊರಗಿಂದ ಬಂದ ಹೆಣ್ಣಿನ ಕೈಯದ್ದು" ಎಂದರು. ನಂದಿತಾ ಮುಚ್ಚಿಟ್ಟಿದ್ದ ಪಾತ್ರೆಯಲ್ಲಿ ನಾನು ನೋಡಿದ್ದೂ ಅಂಥದ್ದೇ ಗಂಟು.

ನಾನು ಅವಳನ್ನು ಒಂದು ಮಾತೂ ಅನ್ನಲಿಲ್ಲ. ದೇವರಾಣೆ. ಅವಳಾಗಿ ಅವಳೇ ಎದ್ದು ಹೋದಳು. ತಪ್ಪಿಲ್ಲದವಳು ಎದ್ದು ಹೋಗುತ್ತಾಳೆಯೇ?

ಸರ್ವಮಂಗಳ


ಅಮೃತೂರು
1 ಮಾರ್ಚ್ 2025

ಸರ್ವಮಂಗಳಮ್ಮನವರಿಗೆ,

ಶಿವರಾತ್ರಿ ಉಪವಾಸದಲ್ಲಿ ನಿಮ್ಮ ಕಾಗದ ಓದಿದೆ. ಆ ದಿನ ಕೆಟ್ಟ ಮಾತು ಆಡಬಾರದು ಎಂದು ಉತ್ತರ ಬರೆಯದೆ ತಡೆದುಕೊಂಡೆ.

ಹೊರಗಿನಿಂದ ಬಂದ ಹೆಣ್ಣು ಎಂದರಂತಲ್ಲ, ನೀವೇನು ಗುಬ್ಬಿಯಲ್ಲೇ ಹುಟ್ಟಿದವರೇ? ನೀವು ತುಮಕೂರಿನಿಂದ ಬಂದವರು. ನಿಮ್ಮ ಕೋಮಲಾ ಎಲ್ಲಿಯವಳು? ಸೊಸೆಯಾದವಳೆಲ್ಲ ಹೊರಗಿನಿಂದಲೇ ಬರುವುದು. ಅದನ್ನು ಹೇಳಲು ಅಣ್ಣಯ್ಯಪ್ಪನೇ ಬೇಕಿತ್ತೇ?

ಆ ರಸ ಏನೆಂದು ನಾನು ಹೇಳುತ್ತೇನೆ. ದಾಗಡಿ. ನೀರು ಕಡಿಮೆ ಹಾಕಿ ಅರೆದರೆ ಯಾರ ಅಂಗೈಯಲ್ಲಾದರೂ ಗಟ್ಟಿಯಾಗುತ್ತದೆ, ಅದರ ಗುಣವೇ ಅದು. ಚೊಂಬು ತುಂಬ ಕುಡಿಸಿ ಕೂರಿಸಿದರೆ ಹೊಟ್ಟೆಯಲ್ಲೂ ಗಟ್ಟಿಯಾಗುತ್ತದೆ. ಆಮೇಲೆ ವಾಂತಿ ಮಾಡಿಸಿದರೆ ಅದೇ ಗಂಟಾಗಿ ಬೀಳುತ್ತದೆ. ಆತ ಕುಡಿಸಿದ್ದನ್ನೇ ಹೊರಗೆ ತೆಗೆದು ನನ್ನ ಮಗಳ ಹೆಸರು ಹೇಳಿದ್ದಾನೆ.

ಒಂದು ಕಡ್ಡಿ ಎಲೆ ಒಣಗಿಸಿ ಇದರೊಳಗೆ ಇಟ್ಟಿದ್ದೇನೆ. ಹೋಲಿಸಿ ನೋಡಿ. ನಿಮ್ಮ ಹಿತ್ತಿಲ ಬೇಲಿಯಲ್ಲೇ ಇದೆ, ಮದುವೆ ಮಾತಿಗೆ ಬಂದಾಗ ನಾನೇ ಕಣ್ಣಾರೆ ನೋಡಿದ್ದೆ. ಒಂದು ಹಿಡಿ ಕಿತ್ತು ಅರೆದು ನಿಮ್ಮ ಅಂಗೈಯ ಮೇಲೆ ಬಿಟ್ಟುಕೊಳ್ಳಿ. ಆಮೇಲೆ ನನಗೆ ಬರೆಯಿರಿ. ನಂದಿತಾಳನ್ನು ಕರೆಸಿಕೊಳ್ಳುವ ಮಾತೂ ಅದರಲ್ಲೇ ಇರಲಿ.

ಮಂಜುಳಮ್ಮ


ಗುಬ್ಬಿ
6 ಮಾರ್ಚ್ 2025

ಮಂಜುಳಮ್ಮನವರಿಗೆ,

ನೀವು ಹೇಳಿದ ಹಾಗೇ ಮಾಡಿದೆ. ಬೇಲಿಯಲ್ಲಿ ಇತ್ತು, ಎಲೆ ಹೋಲಿಸಿಯೇ ಕಿತ್ತೆ. ಯಜಮಾನರು ಅಂಗಡಿಗೆ ಹೋದ ಮೇಲೆ ಅರೆದು ಎಡಗೈಯ ಮೇಲೆ ಬಿಟ್ಟುಕೊಂಡೆ.

ಗಟ್ಟಿಯಾಯಿತು.

ನನಗೂ ಹಾಕಿದ್ದಾಳೆ. ಈಚೆಗೆ ನನಗೂ ಊಟ ರುಚಿಸುತ್ತಿರಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆ. ಅವಳು ಬಂದಾಗಿನಿಂದ ಬೆಳಗಿನ ಕಾಫಿ ಅವಳ ಕೈಯದೇ. ಸಂಜೆ ಮತ್ತೆ ಅರೆದು ಯಜಮಾನರ ಕೈಗೂ ಬಿಟ್ಟು ನೋಡಿದೆ. ಅವರಿಗೂ ಗಟ್ಟಿಯಾಯಿತು. ಇಡೀ ಮನೆಗೇ ಹಾಕಿದ್ದಾಳೆ ಮಂಜುಳಮ್ಮ, ಒಬ್ಬರನ್ನೂ ಬಿಟ್ಟಿಲ್ಲ.

ನೀವು ನನ್ನ ಕಣ್ಣು ತೆರೆಸಿದಿರಿ. ನಿಮ್ಮ ಮೇಲೆ ನನಗೆ ಕೋಪವಿಲ್ಲ, ತಾಯಿಗೆ ಮಗಳ ಕೈಚಳಕ ಗೊತ್ತಿರುವುದಿಲ್ಲ. ಇದೇ ಹದಿನಾರನೇ ತಾರೀಖು ಭಾನುವಾರ ನಾವೆಲ್ಲ ಅಣ್ಣಯ್ಯಪ್ಪನವರ ಹತ್ತಿರ ಹೋಗುತ್ತಿದ್ದೇವೆ. ಅವಳ ಸೀರೆ, ಸಾಮಾನು ಏನಿದೆಯೋ ಕಟ್ಟಿಡುತ್ತೇನೆ. ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ.

ಸರ್ವಮಂಗಳ


ಅಮೃತೂರು
10 ಮಾರ್ಚ್ 2025

ಸರ್ವಮಂಗಳಮ್ಮನವರೇ,

ನಿಮ್ಮ ಕಾಗದ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕೊನೆಗೆ ಅತ್ತುಬಿಟ್ಟೆ. ಅದನ್ನು ನಂದಿತಾ ನೋಡಿದಳು. ಕಾಗದ ಕೇಳಿದಳು, ಕೊಟ್ಟೆ. ಓದಿ ಮಡಿಸಿ ವಾಪಸ್ ಕೊಟ್ಟು, ಅವತ್ತು ಮೊದಲನೇ ಸಲ ಬಾಯಿ ಬಿಟ್ಟಳು.

ಅವಳು ಮನೆ ಬಿಟ್ಟ ಹಿಂದಿನ ದಿನ ಏನಾಯಿತು ಎಂಬುದನ್ನು ನೀವು ಬರೆಯಲಿಲ್ಲ. ಮಧ್ಯಾಹ್ನ ಎಲ್ಲರಿಗೂ ತಟ್ಟೆ ಹಾಕಿ ಬಡಿಸಿದ್ದಾಳೆ. ಅಳಿಯಂದಿರು ನಿಮ್ಮ ಮುಖ ನೋಡಿ, ತಮ್ಮ ತಟ್ಟೆಯನ್ನು ಅವಳ ಮುಂದೆ ತಳ್ಳಿ, ಅವಳ ತಟ್ಟೆಯನ್ನು ತಾವು ಎಳೆದುಕೊಂಡಿದ್ದಾರೆ. ಯಾರೂ ಒಂದು ಮಾತೂ ಆಡಲಿಲ್ಲವಂತೆ. "ಬೈದಿದ್ರೆ ಇರ್ತಿದ್ದೆ ಕಣಮ್ಮ" ಎಂದಳು. ನೀವು ಹೋಗು ಎನ್ನಲಿಲ್ಲ ನಿಜ. ಹೇಳುವುದು ಇನ್ನೇನು ಬಾಕಿ ಇತ್ತು?

ಅವಳ ಸೀರೆ, ಸಾಮಾನು ಆಮೇಲೆ ನೋಡೋಣ. ಇದೊಂದು ಮಾಡಿ. ನಿಮ್ಮ ಮನೆಯಲ್ಲಿ ಒಂದು ತೊಟ್ಟು ನೀರೂ ಕುಡಿಯದವರು, ನನ್ನ ಮಗಳ ಕೈಯಿಂದ ಏನನ್ನೂ ಮುಟ್ಟದವರು ಯಾರಾದರೂ ಇದ್ದೇ ಇರುತ್ತಾರೆ. ಅವರ ಅಂಗೈಯ ಮೇಲೆ ಅದೇ ರಸ ಬಿಡಿ. ಹರಿದುಹೋದರೆ ನಂದಿತಾಳ ಸೀರೆಗಳನ್ನು ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ. ಗಟ್ಟಿಯಾದರೆ ಉದಯನನ್ನು ಸರಿಯಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನನ್ನ ಮೇಲಿನ ಹಟಕ್ಕೆ ಹುಡುಗನನ್ನು ಕಳೆದುಕೊಳ್ಳಬೇಡಿ.

ಮಂಜುಳಮ್ಮ


ಗುಬ್ಬಿ
21 ಮಾರ್ಚ್ 2025

ಮಂಜುಳಕ್ಕ,

ಇದನ್ನು ತುಮಕೂರಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಶುರು ಮಾಡಿದೆ, ಮನೆಗೆ ಬಂದು ಮುಗಿಸುತ್ತಿದ್ದೇನೆ.

ನಿಮ್ಮ ಕಾಗದ ಬಂದಾಗ ಅಣ್ಣಯ್ಯಪ್ಪನವರ ಮನೆಗೆ ಹೋಗಲು ಗಾಡಿ ಹೇಳಿದ್ದೆವು. ನಿಮ್ಮನ್ನು ಸೋಲಿಸಬೇಕು ಎಂದೇ ರಸ ಅರೆದೆ. ಹಿಂದಿನ ಬೀದಿಯಲ್ಲಿ ಫಾತಿಮುನ್ನೀಸಾ ಎಂಬ ಹೆಂಗಸಿದ್ದಾಳೆ, ಸೀರೆಗೆ ಫಾಲ್ ಹಚ್ಚಿಕೊಡುತ್ತಾಳೆ. ಬಂದರೆ ಬಾಗಿಲಲ್ಲೇ ನಿಂತು ಹೋಗುವವಳು. ಈಗ ಅವಳಿಗೆ ರಂಜಾನ್ ರೋಜಾ, ಉಗುಳು ನುಂಗಲೂ ಯೋಚಿಸುತ್ತಾಳೆ. ಇವಳಿಗಿಂತ ಬೇಕೇ ಎಂದು ಕರೆದು ಕೈ ಚಾಚು ಎಂದೆ.

"ಯಾಕಕ್ಕ, ಗೋರಂಟಿ ಹಾಕ್ತೀರಾ? ಹಬ್ಬಕ್ಕೆ ಇನ್ನೂ ದಿನ ಇದೆ" ಎಂದು ನಗುತ್ತ ಚಾಚಿದಳು. ನಾನು ನಗಲಿಲ್ಲ. ಹರಿದುಹೋಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತುಕೊಂಡು ನೋಡುತ್ತ ನಿಂತೆ. ಒಬ್ಬರ ಮನೆಯ ಹೆಣ್ಣುಮಗಳು ಕೆಟ್ಟವಳೇ ಆಗಲಿ ಎಂದು ಬೇಡಿಕೊಂಡೆನಲ್ಲ ಅಕ್ಕ. ಅವಳ ಅಂಗೈಯ ಮೇಲೂ ಗಟ್ಟಿಯಾಯಿತು. ಅವಳು ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಅಯ್ಯೋ, ಇದು ಬೇಲಿ ಸೊಪ್ಪಲ್ವಾ. ನಮ್ಮ ಅಮ್ಮಿ ಸಕ್ರೆ ಹಾಕಿ ಬಟ್ಲಲ್ಲಿ ಕೊಡೋರು, ಚಮಚದಲ್ಲಿ ತಿಂತಿದ್ವಿ" ಎಂದಳು. ನಾನು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟೆ. ಪಾಪ, ಅವಳೇ ಒಳಗೆ ಹೋಗಿ ನನಗೆ ನೀರು ತಂದುಕೊಟ್ಟಳು.

ಹೇಳಿದ್ದ ಗಾಡಿಯನ್ನು ತುಮಕೂರಿಗೆ ತಿರುಗಿಸಿದೆವು. ಬಾಯಿಂದ ಕ್ಯಾಮೆರಾ ಬಿಟ್ಟು ನೋಡಿದರು. ಉದಯನ ಹೊಟ್ಟೆಯಲ್ಲಿ ಹುಣ್ಣಾಗಿದೆ, ರಕ್ತ ಒಸರುತ್ತಿತ್ತು. ಡಾಕ್ಟರು ಕೇಳಿದ ಮೇಲೆ ಬಾಯಿ ಬಿಟ್ಟ. ಗಾಡಿ ಓಡಿಸಿ ಸೊಂಟ ನೋವೆಂದು ಬರಿಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗುತ್ತಿದ್ದನಂತೆ, ದೀಪಾವಳಿಗೂ ಮುಂಚಿನಿಂದ. ಗಾಡಿಯ ಡ್ಯಾಶ್‌ಬೋರ್ಡಿನ ತುಂಬ ಖಾಲಿ ಸ್ಟ್ರಿಪ್ ಇದ್ದವು. "ಯಾಕೋ ಹೇಳ್ಲಿಲ್ಲ" ಎಂದರೆ "ಅಪ್ಪ ಗಾಡಿ ಬಿಡಿಸ್ತಾರೆ ಅಂತ" ಎಂದ. ಇನ್ನಷ್ಟು ದಿನ ವಾಂತಿ ಮಾಡಿಸಿಕೊಂಡು ಕೂತಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು.

ತಟ್ಟೆಯ ವಿಷಯ ನಾನು ಬರೆಯಲಿಲ್ಲ. ಅವನಿಗೆ ಕಣ್ಣಲ್ಲೇ ಹೇಳಿದವಳು ನಾನು, ಏನೆಂದು ಬರೆಯಲಿ?

ನಂದಿತಾಳನ್ನು ಯುಗಾದಿಗೆ ಮುಂಚೆ ಕಳಿಸಿ ಅಕ್ಕ. ಕಳಿಸಲಾರೆ ಎಂದರೂ ನಾನು ಕೇಳಿಸಿಕೊಳ್ಳಬೇಕಾದ್ದೇ. ಉದಯ ತಾನೇ ಬರುತ್ತೇನೆ ಎನ್ನುತ್ತಾನೆ, ಡಾಕ್ಟರು ಓಡಾಡಬೇಡ ಎಂದಿದ್ದಾರೆ.

ಸರ್ವಮಂಗಳ


ಅಮೃತೂರು
26 ಮಾರ್ಚ್ 2025

ಸರ್ವಮಂಗಳಕ್ಕ,

ಹೋಗು ಎಂದೂ ನಾನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಿಮ್ಮ ಕಾಗದ ಅವಳ ಕೈಗೆ ಕೊಟ್ಟು ತೋಟಕ್ಕೆ ಹೋದೆ. ವಾಪಸ್ ಬರುವ ಹೊತ್ತಿಗೆ ಬ್ಯಾಗಿಗೆ ಬಟ್ಟೆ ತುಂಬಿದ್ದಳು. "ಹುಷಾರಿಲ್ದೇ ಮಲಗವ್ರೆ, ಹೋಗ್ತೀನಿ" ಎಂದಳು. ಶುಕ್ರವಾರದ ಬಸ್ಸಿಗೆ ಬರುತ್ತಾಳೆ.

ಬಂದ ಕೂಡಲೇ ಕೈ ಹಿಡಿದುಕೊಂಡು ಅಳಬೇಡಿ, ಅವಳಿಗೆ ಆಗುವುದಿಲ್ಲ. ಕೋಮಲಾಳನ್ನು ಸ್ವಲ್ಪ ದಿನ ದೂರ ಇಡಿ. ಉದಯನಿಗೆ ಡಾಕ್ಟರು ಹೇಳಿದ್ದನ್ನು ಬಿಟ್ಟು ಬೇರೇನೂ ಕೊಡಬೇಡಿ, ನಮ್ಮ ಸೊಪ್ಪನ್ನೂ ಕೊಡಬೇಡಿ. ಈ ಸಲ ನಾನು ಏನನ್ನೂ ಕಟ್ಟಿ ಕಳಿಸುತ್ತಿಲ್ಲ. ಮಗಳನ್ನು ಬರಿಗೈಯಲ್ಲಿ ಬಸ್ ಹತ್ತಿಸುವುದು ನನಗೆ ಇದೇ ಮೊದಲು.

ನಾನು ಹೆಸರು ಹೇಳಬೇಡ ಎನ್ನದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಯೋಚನೆ ಬರುತ್ತದೆ. ನೀವು ಏನೆನ್ನುತ್ತೀರೋ.

ಮಂಜುಳಮ್ಮ


ಗುಬ್ಬಿ
20 ಏಪ್ರಿಲ್ 2025

ಮಂಜುಳಕ್ಕ,

ಉದಯ ಈಗ ಪರವಾಗಿಲ್ಲ. ಗಂಜಿ ಬಿಟ್ಟು ಅನ್ನಕ್ಕೆ ಬಂದಿದ್ದಾನೆ. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿದೆ. ನಂದಿತಾಳೂ ಚೆನ್ನಾಗಿದ್ದಾಳೆ ಎಂದು ಬರೆಯಲು ಕೂತೆ, ಆಗಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಇದು, ಅವಳ ಕಿವಿಗೆ ಬೀಳಬಾರದು.

ಯುಗಾದಿ ದಿನ ಬೇವು ಬೆಲ್ಲ ಅವಳ ಕೈಯಿಂದಲೇ ಕೊಡಿಸಿದೆ. ನಾಲ್ಕು ಜನ ನೋಡಲಿ ಎಂದೇ ಕೊಡಿಸಿದೆ. ಅವಳು ಬಟ್ಟಲಿನಿಂದ ಮೊದಲು ಒಂದು ಚಿಟಿಕೆ ತನ್ನ ಬಾಯಿಗೆ ಹಾಕಿಕೊಂಡು, ನುಂಗಿ, ಸ್ವಲ್ಪ ನಿಂತು, ಆಮೇಲೆ ಎಲ್ಲರಿಗೂ ಕೊಟ್ಟಳು. ಹಬ್ಬದ ಗಡಿಬಿಡಿ, ಹಸಿವಾಗಿರಬೇಕು ಎಂದುಕೊಂಡೆ.

ಅಲ್ಲ ಅಕ್ಕ. ದಿನವೂ ಹೀಗೇ. ಸಾರು, ಪಲ್ಯ, ಮಜ್ಜಿಗೆ, ಯಾವ ಪಾತ್ರೆಯದಾದರೂ ಸರಿ, ನಮ್ಮೆಲ್ಲರ ಎದುರು ತಾನು ಒಂದು ತುತ್ತು ತಿಂದು ತೋರಿಸಿ ಆಮೇಲೆ ಬಡಿಸುತ್ತಾಳೆ. ಕಾಫಿಯನ್ನೂ ಒಂದು ಗುಟುಕು ಬೇರೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು ಕೊಡುತ್ತಾಳೆ. ಎಂಜಲು ಮಾಡಿಕೊಡುವುದಿಲ್ಲ, ಶುದ್ಧ ಎಲ್ಲ ಸರಿಯಾಗಿದೆ. ಮುಖದಲ್ಲಿ ಕೋಪವೂ ಇಲ್ಲ. ಉದಯ ಒಂದು ದಿನ ತಟ್ಟೆ ಬಿಟ್ಟು ಎದ್ದು ಹೋಗಿ ಹಿತ್ತಿಲಲ್ಲಿ ನಿಂತುಬಿಟ್ಟ. "ಬೇಡ ಬಿಡಮ್ಮ, ನಮಗ್ಯಾರಿಗೂ ಈಗ ಅಂಥದ್ದಿಲ್ಲ" ಎಂದು ನಾನೇ ಹೇಳಿದೆ. "ಇರ್ಲಿ ಅತ್ತೆ, ಅಭ್ಯಾಸ ಆಗೋಯ್ತು" ಎಂದಳು.

ನಿನ್ನೆ ಬಿಸಿಲು ಹೆಚ್ಚಿತ್ತು. ನಾನೇ ಬೇಲಿಯಿಂದ ದಾಗಡಿ ಕಿತ್ತೆ. ಬಾಗಿಲು ತೆರೆದಿಟ್ಟುಕೊಂಡು, ಹೆಸರು ಹೇಳಿಕೊಂಡೇ ಕಿವುಚಿ, ಸೋಸಿ, ಸಕ್ಕರೆ ಹಾಕಿ ಎರಡು ಬಟ್ಟಲಿಗೆ ಬಿಟ್ಟೆ. ಗಟ್ಟಿಯಾದ ಮೇಲೆ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡು, ಅವಳ ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ನಾನು ನನ್ನ ಬಟ್ಟಲಿಗೆ ಚಮಚ ಹಾಕುವಷ್ಟರಲ್ಲಿ ಅವಳು ಕೈ ಚಾಚಿ, ತನ್ನ ಚಮಚದಿಂದ ನನ್ನ ಬಟ್ಟಲಿನ ಅಂಚಿನಲ್ಲಿ ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ನುಂಗಿ, ನನ್ನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು. ಕಿತ್ತವಳು ನಾನು, ಕಿವುಚಿದವಳು ನಾನು, ಅವಳು ಅದನ್ನು ಮುಟ್ಟಿಯೂ ಇರಲಿಲ್ಲ. ಆಮೇಲೆ ಬಟ್ಟಲನ್ನು ನನ್ನ ಕಡೆ ಸರಿಸಿ, "ಏನೂ ಆಗ್ಲಿಲ್ಲ ಅತ್ತೆ, ನೀವು ತಿನ್ನಿ" ಎಂದಳು.

ನಿಮ್ಮ ಕಡೆ ಇದಕ್ಕೆ ಏನಾದರೂ ಸೊಪ್ಪಿದ್ದರೆ ಕಳಿಸಿಕೊಡಿ ಅಕ್ಕ. ಹೆಸರು ಹೇಳಬಾರದು ಎಂದಿದ್ದರೆ ನಾನು ಕೇಳುವುದಿಲ್ಲ.

ಸರ್ವಮಂಗಳ